ಥಾಯ್ಲೆಂಡಿನ ಮೇ ಹಾಂಗ್ ಸಾನ್: ಐದು ದಿನಕ್ಕೆ ಯಾವುದನ್ನು ನೋಡೋದು, ಯಾವುದನ್ನು ಬಿಡೋದು?

ಪ್ರಶ್ನೆ (ದಾರಿಹೋಕ):
ನವೆಂಬರ್ ಮೂರನೇ ವಾರ, ಇಬ್ಬರು, ಚಿಯಾಂಗ್ ಮಾಯ್‌ನಿಂದ ಬಾಡಿಗೆ ಸ್ಕೂಟರ್. ಪಾಯ್, ಥಾಮ್ ಲೋಟ್ ಗುಹೆ, ಪಾಂಗ್ ಉಂಗ್ ಕೆರೆ, ಮೇ ಸುರಿನ್ ಜಲಪಾತ, ಹಳದಿ ಹೂವಿನ ಬೆಟ್ಟ, ಇಷ್ಟೂ ಐದು ದಿನದಲ್ಲಿ ಆಗುತ್ತಾ? ಆಟೋಮ್ಯಾಟಿಕ್ ಸ್ಕೂಟರ್ ಸಾಕಾ? ಕಾಡಲ್ಲಿ ಇಂಬಳದ ಕಾಟ ಇದೆಯಾ?

ಘಾಟಿಗಾಡಿ:
ತಿಂಗಳು ಸರಿಯಾಗಿ ಆರಿಸಿದ್ದೀರಿ. ಮೇ ಹಾಂಗ್ ಸಾನ್‌ಗೆ ‘ಮೂರು ಮಂಜಿನ ಊರು’ ಅಂತಲೇ ಹೆಸರು: ಮಳೆಗಾಲದ ಮಂಜು, ಚಳಿಗಾಲದ ಮಂಜು, ಬೇಸಿಗೆಯಲ್ಲಿ ಕಾಡಿನ ಬೆಂಕಿಯ ಹೊಗೆ. ಮೂರನೆಯದು ಫೆಬ್ರವರಿ ಕೊನೆಯಿಂದ ಏಪ್ರಿಲ್ ಮಧ್ಯದವರೆಗೆ. ಆಗ ಹೋದರೆ ಎದುರಿನ ಗುಡ್ಡವೂ ಕಾಣುವುದಿಲ್ಲ.

ಪಾಂಗ್ ಉಂಗ್ ಬಿಟ್ಟುಬಿಡಿ. ಅದರ ಚೆಂದವೆಲ್ಲ ಬೆಳಗಿನ ಜಾವ ನೀರಿನ ಮೇಲೆ ಏಳುವ ಹಬೆಯಲ್ಲಿದೆ, ಅದಕ್ಕೆ ಅಲ್ಲೇ ಉಳಿಯಬೇಕು. ಮಧ್ಯಾಹ್ನ ಹೋದರೆ ಪೈನ್ ಮರದ ನಡುವೆ ಒಂದು ಕೆರೆ, ಅಷ್ಟೆ.

ಚಿಯಾಂಗ್ ಮಾಯ್‌ನಿಂದ ಪಾಯ್‌ಗೆ 1095ನೇ ಹೆದ್ದಾರಿ, 762 ತಿರುವು. ದೂರ 130 ಕಿ.ಮೀ. ಆಸುಪಾಸು, ಆದರೂ ಅರ್ಧ ದಿನ ಇಟ್ಟುಕೊಳ್ಳಿ. ಮೊದಲ ರಾತ್ರಿ ಪಾಯ್, ಎರಡನೆಯದು ಗುಹೆಯ ಹತ್ತಿರ, ಮೂರನೆಯದು ಮೇ ಹಾಂಗ್ ಸಾನ್ ಪಟ್ಟಣ, ನಾಲ್ಕನೆಯದು ಮೇ ಸರಿಯಾಂಗ್. ಐದನೇ ದಿನ 108ನೇ ಹೆದ್ದಾರಿಯಲ್ಲಿ ವಾಪಸ್.

ಸ್ಕೂಟರ್ ವಿಷಯ ಮುಖ್ಯ. ಆಟೋಮ್ಯಾಟಿಕ್‌ನಲ್ಲಿ ಆಕ್ಸಿಲರೇಟರ್ ಪೂರ್ತಿ ಬಿಟ್ಟು ವೇಗ ತಗ್ಗಿದರೆ ಕ್ಲಚ್ ತಾನೇ ಬಿಟ್ಟುಕೊಳ್ಳುತ್ತೆ, ಎಂಜಿನ್ನಿನ ಹಿಡಿತ ಇರಲ್ಲ. ಆಮೇಲೆ ಇಳಿಜಾರಿನ ಭಾರವೆಲ್ಲ ಬ್ರೇಕಿನ ಮೇಲೆ. ಇಬ್ಬರು, ಬ್ಯಾಗ್ ಸೇರಿದರೆ ಡ್ರಮ್ ಕಾದು ಲಿವರ್ ಸಡಿಲವಾದಂತೆ ಆಗುತ್ತೆ, ಸುಟ್ಟ ವಾಸನೆ ಬರುತ್ತೆ. ವಾಸನೆ ಬಂದ ಕೂಡಲೇ ನಿಲ್ಲಿಸಿ, ಆರಲು ಬಿಡಿ, ನೀರು ಹಾಕಬೇಡಿ. 125 ಸಿಸಿಯ ಸೆಮಿ ಆಟೋಮ್ಯಾಟಿಕ್ (ಗೇರ್ ಇದೆ, ಕ್ಲಚ್ ಲಿವರ್ ಇಲ್ಲ) ತಗೊಂಡು ಇಳಿಜಾರಲ್ಲಿ ಎರಡನೇ ಗೇರ್‌ನಲ್ಲೇ ಬಿಡಿ. ಬ್ರೇಕನ್ನು ತಿರುವಿಗೆ ಮುಂಚೆ ಹಿಡಿದು ಬಿಡಬೇಕು, ತಿರುವಿನೊಳಗೆ ಅಲ್ಲ. ತಿರುವಿನ ಒಳಬದಿಯಲ್ಲಿ ಜಲ್ಲಿ, ಒದ್ದೆ ಎಲೆ ಇರುತ್ತೆ. ಎದುರಿನ ವ್ಯಾನ್‌ಗಳು ನಿಮ್ಮ ಬದಿಗೇ ನುಗ್ಗುತ್ತವೆ.

ಸುಣ್ಣದಕಲ್ಲು:
ಥಾಮ್ ಲೋಟ್‌ಗೆ ಹೊತ್ತು ನೋಡಿ ಹೋಗಿ. ಪಾಯ್ ದಾಟಿದ ಮೇಲೆ 1095ರಲ್ಲೇ ಸಿಗುವ ಸೊಪ್ಪಾಂಗ್ ಊರಿನಿಂದ ಉತ್ತರಕ್ಕೆ 9 ಕಿ.ಮೀ. ಗುಹೆ ಸುಮಾರು 1,600 ಮೀ. ಉದ್ದ, ನಾಮ್ ಲಾಂಗ್ ಹೊಳೆ ಅದರೊಳಗೇ ಹರಿಯುತ್ತೆ. ಗ್ಯಾಸ್ ಲಾಟೀನು ಹಿಡಿದ ಸ್ಥಳೀಯ ಗೈಡ್ ಕಡ್ಡಾಯ, ಬಿದಿರಿನ ತೆಪ್ಪಕ್ಕೆ ಮೂರು ಜನ. ಮೂರು ಅಂಕಣಗಳಲ್ಲಿ ಕೊನೆಯದು ಶವಪೆಟ್ಟಿಗೆಗಳದ್ದು: ತೇಗದ ದಿಮ್ಮಿ ಕೊರೆದು ಮಾಡಿದವು, ಸಾವಿರ ವರ್ಷಕ್ಕೂ ಹಳೆಯವು. ಮಳೆಗಾಲದಲ್ಲಿ ಹೊಳೆ ಏರಿದರೆ ಅಲ್ಲಿಗೆ ಬಿಡುವುದಿಲ್ಲ.

ಮಧ್ಯಾಹ್ನ ಮೂರೂವರೆ, ನಾಲ್ಕರೊಳಗೆ ಒಳಗೆ ಹೋಗಿ. ನವೆಂಬರ್‌ನಲ್ಲಿ ಐದೂ ಮುಕ್ಕಾಲಿಗೆಲ್ಲ ಕತ್ತಲು. ಅದಕ್ಕೆ ಸ್ವಲ್ಪ ಮುಂಚೆ ಬಾನಾಡಿ ಹಕ್ಕಿಗಳು ಲಕ್ಷಗಟ್ಟಲೆ ಹಿಂದಿನ ಬಾಯಿಯಿಂದ ಗುಹೆಗೆ ನುಗ್ಗುತ್ತವೆ. ಅಲ್ಲಿನ ಮರದ ಮೆಟ್ಟಿಲು, ಹಿಡಿಕಂಬಿಗಳ ಮೇಲೆಲ್ಲ ಹಿಕ್ಕೆ, ಎಣ್ಣೆ ಸವರಿದ ಹಾಗೆ ಜಾರುತ್ತೆ. ಹಿಡಿತದ ಶೂ, ತಲೆಗೆ ಕಟ್ಟುವ ಟಾರ್ಚ್, ಬಾಯಿಗೆ ಬಟ್ಟೆ, ಕೈ ಒರೆಸಲು ಒದ್ದೆ ಟಿಶ್ಯೂ ಬೇಕೇ ಬೇಕು. ಚಪ್ಪಲಿಯಲ್ಲಿ ಬರುವವರನ್ನು ಆ ಮೆಟ್ಟಿಲೇ ಪಾಠ ಕಲಿಸಿ ಕಳಿಸುತ್ತೆ.

ಇಂಬಳ ಮಳೆಗಾಲದ ಕಾಟ, ನವೆಂಬರ್ ಮೂರನೇ ವಾರಕ್ಕೆ ಬಹುಪಾಲು ಇಳಿದಿರುತ್ತೆ. ಸೊಳ್ಳೆಯನ್ನು ಮಾತ್ರ ಹಗುರವಾಗಿ ತಗೋಬೇಡಿ. ಬರ್ಮಾ ಗಡಿಯ ಕಾಡಿನಲ್ಲಿ ಮಲೇರಿಯಾ ಇದೆ, ಸಂಜೆ ಮೇಲೆ ತುಂಬುತೋಳು ಹಾಕಿ. ವಾಪಸ್ ಬಂದ ಮೇಲೆ ಜ್ವರ ಬಂದರೆ ಹೋದ ಜಾಗವನ್ನು ಡಾಕ್ಟರಿಗೆ ಹೇಳಿ.

ಮಲೆದಾರಿ:
@ಘಾಟಿಗಾಡಿ, ನಾಲ್ಕನೇ ದಿನದ ಬಗ್ಗೆ ಒಂದು ತಕರಾರು. ಹೂವಿನ ಬೆಟ್ಟ (ದೋಯ್ ಮೇ ಉ ಖೊ) ಮೇ ಹಾಂಗ್ ಸಾನ್‌ಗೂ ಮೇ ಸರಿಯಾಂಗ್‌ಗೂ ನಡುವಿನ ಖುನ್ ಯುವಾಮ್ ಊರಿನಿಂದ 25 ಕಿ.ಮೀ. ಆಸುಪಾಸು, 1263ನೇ ರಸ್ತೆಯ ಕಡೆ. ಮೇ ಸುರಿನ್ ಜಲಪಾತ ಅದರಿಂದಾಚೆ. ಅಷ್ಟು ಒಳಗೆ ಹೋಗಿ ಮತ್ತೆ ಖುನ್ ಯುವಾಮ್‌ಗೆ ಇಳಿದು ಮೇ ಸರಿಯಾಂಗ್ ಮುಟ್ಟುವಷ್ಟರಲ್ಲಿ ಕತ್ತಲಾಗಿರುತ್ತೆ. ಬದಲಿಗೆ 1263ರಲ್ಲೇ ಮುಂದುವರಿದು ಮೇ ಚೇಮ್‌ನಲ್ಲಿ ಉಳಿಯಿರಿ, ಮರುದಿನ ದೋಯ್ ಇಂಥನಾನ್ ಬೆಟ್ಟ ದಾಟಿ ಚಿಯಾಂಗ್ ಮಾಯ್. ಜೋರು ಮಳೆಯಾಗಿದ್ದರೆ ಮಣ್ಣು ಕುಸಿದಿರಬಹುದು, ಖುನ್ ಯುವಾಮ್‌ನಲ್ಲಿ ವಿಚಾರಿಸಿ. ಟ್ಯಾಂಕನ್ನೂ ಅಲ್ಲೇ ತುಂಬಿಸಿ.

ಹೂವು ನವೆಂಬರ್‌ನಲ್ಲಿ ತುಂಬಿರುತ್ತೆ, ಡಿಸೆಂಬರ್ ಮೊದಲ ವಾರ ದಾಟಿದರೆ ಒಣಕಡ್ಡಿ. ಅಂದ ಹಾಗೆ ಅದು ಆ ಕಾಡಿನದ್ದಲ್ಲ, ಮೆಕ್ಸಿಕೋ ಕಡೆಯಿಂದ ಬಂದು ಬೆಟ್ಟ ಆವರಿಸಿದ ಗಿಡ.

ಐಡಿಪಿ (ವಿದೇಶದಲ್ಲಿ ಗಾಡಿ ಓಡಿಸಲು ಬೇಕಾದ ಪರ್ಮಿಟ್) ಆರ್‌ಟಿಒದಲ್ಲಿ ಮಾಡಿಸುವಾಗ ಬೈಕಿನ ವರ್ಗ ಸೇರಿದೆಯಾ ನೋಡಿಕೊಳ್ಳಿ. ಕಾರಿನ ಲೈಸೆನ್ಸ್ ಮಾತ್ರ ಇದ್ದು ಬೈಕಲ್ಲಿ ಬಿದ್ದರೆ ಇನ್ಶೂರೆನ್ಸ್‌ನವರು ಕೈ ಎತ್ತುತ್ತಾರೆ.

ದಾರಿಹೋಕ:
ಪಾಂಗ್ ಉಂಗ್ ಕೈಬಿಟ್ಟೆ, ಮೇ ಚೇಮ್ ದಾರಿಯೇ ಸರಿ. ನನ್ನ ಲೈಸೆನ್ಸ್‌ನಲ್ಲಿ ಗೇರ್ ಇಲ್ಲದ ಬೈಕ್ ಅಂತ ಮಾತ್ರ ಇದೆ, ಸೆಮಿ ಆಟೋಮ್ಯಾಟಿಕ್‌ಗೆ ನಡೆಯುತ್ತಾ?

ಮಲೆದಾರಿ:
ಅದನ್ನು ನಂಬಿ ಹೋಗಬೇಡಿ. ಸೆಮಿಯಲ್ಲೂ ಗೇರ್ ಇದೆಯಲ್ಲ. ಈಗಲೇ ಗೇರ್ ಬೈಕಿನ ಲೈಸೆನ್ಸ್ ಮಾಡಿಸಿಕೊಂಡು ಆಮೇಲೆ ಐಡಿಪಿಗೆ ಹಾಕಿ. ಆಗದಿದ್ದರೆ, ಕಾರಿನ ಲೈಸೆನ್ಸ್ ಇದ್ದರೆ ಕಾರು ಬಾಡಿಗೆಗೆ ತಗೊಳ್ಳಿ, ಅಲ್ಲೂ ನಮ್ಮಂತೆ ಎಡಬದಿಯ ಓಡಾಟವೇ.