ಅಪ್‌ಡೇಟ್: ಪಾಲಿಮರ್ ಕ್ಲೇ ಪೆನ್ನು ಲೇತ್‌ನಲ್ಲಿ ಬಂತು

ಪಾಲಿಮರ್ ಕ್ಲೇಯನ್ನು (ಓವನ್ನಿನಲ್ಲಿ ಬೇಯಿಸಿದರೆ ಗಟ್ಟಿಯಾಗುವ ಪ್ಲಾಸ್ಟಿಕ್ ಜೇಡಿ) ಪೆನ್ನಿನ ಹಿತ್ತಾಳೆ ಕೊಳವೆಗೆ ಸುತ್ತಿ ಬೇಯಿಸಿದರೆ ಆಮೇಲೆ ಲೇತ್‌ನಲ್ಲಿ (ವಸ್ತುವನ್ನು ಗರಗರ ತಿರುಗಿಸುವ, ಅದಕ್ಕೆ ಉಳಿ ಹಿಡಿದು ಕೆತ್ತುವ ಯಂತ್ರ) ಕಡೆಯಬಹುದಾ, ಇಲ್ಲ ಚೂರು ಚೂರಾಗಿ ಹಾರಿಹೋಗುತ್ತದಾ ಅಂತ ಕೇಳಿದ್ದೆನಲ್ಲ. ಕಡೆಯಬಹುದು, ಚೆನ್ನಾಗೇ ಬರುತ್ತದೆ.

ನಾನು ತಗೊಂಡಿದ್ದು 7 ಮಿ.ಮೀ. ಕೊಳವೆಯ ಸ್ಲಿಮ್‌ಲೈನ್ ಕಿಟ್, ಅಂದ್ರೆ ತೆಳು ಪೆನ್ನಿನ ಬಿಡಿಭಾಗಗಳ ಸೆಟ್. ಕೊಳವೆಯನ್ನು ಉಪ್ಪುಕಾಗದದಲ್ಲಿ ಉಜ್ಜಿ, ತೆಳ್ಳಗೆ ಬಿಳಿ ಅಂಟು ಸವರಿ ಒಣಗಿಸಿದೆ. ನುಣುಪು ಹಿತ್ತಾಳೆಗೆ ಕ್ಲೇ ಸರಿಯಾಗಿ ಹಿಡಿಯುವುದಿಲ್ಲ, ಅದಕ್ಕೇ. ಸುತ್ತುವಾಗ ಒಳಗೆ ಗಾಳಿ ಸಿಕ್ಕಿಕೊಂಡರೆ ಬೇಯುವಾಗ ಗುಳ್ಳೆ ಏಳುತ್ತದೆ, ಸೂಜಿಯಲ್ಲಿ ಚುಚ್ಚಿ ಒತ್ತಿಬಿಡಿ.

ಅಸಲಿ ವಿಷಯ ಶಾಖ. ನನ್ನ ಕ್ಲೇಗೆ 130 ಡಿಗ್ರಿ, 6 ಮಿ.ಮೀ. ದಪ್ಪಕ್ಕೆ ಅರ್ಧ ಗಂಟೆ. ಬ್ರ್ಯಾಂಡ್‌ನಿಂದ ಬ್ರ್ಯಾಂಡ್‌ಗೆ ಇದು ಬೇರೆ, ಪ್ಯಾಕೆಟ್ ನೋಡಿಕೊಳ್ಳಿ. ಓಟಿಜಿಯ (ಮನೆಯ ಚಿಕ್ಕ ಕರೆಂಟ್ ಓವನ್) ಗುಂಡಿಯನ್ನು ಮಾತ್ರ ನಂಬಬೇಡಿ, ಒಳಗೊಂದು ಥರ್ಮಾಮೀಟರ್ ಇಡಿ, ಯಾಕಂದ್ರೆ ಶಾಖ ಕಮ್ಮಿಯಾದರೆ ಕ್ಲೇ ಮೇಲೆ ಗಟ್ಟಿ ಕಂಡರೂ ಉಳಿ ತಾಗಿದಾಗ ಪುಡಿಯಾಗುತ್ತದೆ, ಜಾಸ್ತಿಯಾದರೆ ಸುಟ್ಟು ಕೆಟ್ಟ ಹೊಗೆ ಬರುತ್ತದೆ. ಸರಿಯಾಗಿ ಬೆಂದಿದ್ದು ಲೇತ್‌ನಲ್ಲಿ ಗೊತ್ತಾಗುತ್ತದೆ: ಹರಿತವಾದ ಉಳಿ ಮೆಲ್ಲಗೆ ತಾಗಿಸಿದರೆ ರಿಬ್ಬನ್ ಥರ ಉದ್ದುದ್ದ ಸಿಪ್ಪೆ ಬರುತ್ತದೆ. ನೋಡೋಕೇ ಖುಷಿ!

ಪಾಲಿಶ್‌ಗೆ ನೀರು ಹಾಕಿಕೊಂಡು 400ರಿಂದ 2000 ಗ್ರಿಟ್‌ವರೆಗಿನ ಉಪ್ಪುಕಾಗದದಲ್ಲಿ (ಸಂಖ್ಯೆ ಹೆಚ್ಚಿದಷ್ಟೂ ಕಾಗದ ನುಣುಪು) ಉಜ್ಜಿದೆ, ಕೊನೆಗೆ ಹಳೇ ಜೀನ್ಸ್ ಬಟ್ಟೆ. ಸ್ಪ್ರೇ ವಾರ್ನಿಶ್ ಹಾಕಲಿಲ್ಲ, ಕೆಲವು ಸ್ಪ್ರೇಗಳು ಕ್ಲೇ ಮೇಲೆ ಅಂಟಂಟಾಗಿಯೇ ಉಳಿದುಬಿಡುತ್ತವೆ. ನಿಬ್, ಕ್ಲಿಪ್ ಎಲ್ಲ ಬೇಯಿಸಿ ಕಡೆದ ಮೇಲೇ ಕೂರಿಸಿ, ಅದಕ್ಕೂ ಮುಂಚೆ ಕೊಳವೆಯ ತುದಿಗಳನ್ನು ಸಮ ಮಾಡಿಕೊಳ್ಳಿ.