ಪದಚರ್ಚೆ: 'ರಿಸ್ಕ್ ಫ್ಯಾಕ್ಟರ್', ಡಿಮೆನ್ಷಿಯಾ (ಭಿತ್ತಿಪತ್ರಕ್ಕೆ, ತುರ್ತು)

ಬಳಗದವರಿಗೆ ನಮಸ್ಕಾರ. ಆಸ್ಪತ್ರೆಯೊಂದರ ಭಿತ್ತಿಪತ್ರ ಸಂಜೆ ಅಚ್ಚಿಗೆ ಹೋಗಬೇಕು. 'ಮೈಲ್ಡ್ ಕಾಗ್ನಿಟಿವ್ ಇಂಪೇರ್‌ಮೆಂಟ್' ಇರುವವರು, ಅಂದರೆ ನೆನಪು ಕೊಂಚ ಕೈಕೊಟ್ಟರೂ ದಿನದ ಕೆಲಸ ತಾವೇ ಮಾಡಿಕೊಳ್ಳುವವರು, ಇದನ್ನು ಓದುತ್ತಾರೆ. ಕರಡಿನ ತಲೆಬರಹ: 'ಸೌಮ್ಯ ಸಂಜ್ಞಾನಾತ್ಮಕ ದುರ್ಬಲತೆಯುಳ್ಳವರಲ್ಲಿ ಬುದ್ಧಿಮಾಂದ್ಯದ ಅಪಾಯಕಾರಿ ಅಂಶಗಳು'. ಇಲ್ಲಿ 'ಬುದ್ಧಿಮಾಂದ್ಯ' ಎಂದದ್ದು ಡಿಮೆನ್ಷಿಯಾಕ್ಕೆ (ನೆನಪು, ಯೋಚನೆ ಕುಂದಿ ದಿನದ ಕೆಲಸವೂ ಕಷ್ಟವಾಗುವ ಸ್ಥಿತಿ), 'ಅಪಾಯಕಾರಿ ಅಂಶ' ಎಂದದ್ದು ರಿಸ್ಕ್ ಫ್ಯಾಕ್ಟರ್‌ಗೆ (ಕಾಯಿಲೆ ಬರುವ ಸಾಧ್ಯತೆ ಹೆಚ್ಚಿಸುವಂಥದ್ದು). ಉಳಿಸಬಹುದೇ?

ಉತ್ತರ 1
ಬೇಡ. ಬುದ್ಧಿಮಾಂದ್ಯ ಎಳವೆಯಿಂದ ಇರುವಂಥದ್ದು. ಇಲ್ಲಿ ಇದ್ದ ಬುದ್ಧಿ ಕಳೆಯುತ್ತಿದೆ. 'ಅರಳುಮರಳು' ಇರುವಾಗ ಎರವಲು ಏಕೆ? ಈ 'ಮರಳು' ಮರೆವಿನ ಬೇರಿನದೇ. 'ಅರವತ್ತಕ್ಕೆ ಅರಳುಮರಳು' ಎಂದು ಜನ ಇಂದಿಗೂ ಹೇಳುತ್ತಾರೆ.

ಉತ್ತರ 2
ತಪ್ಪು. ಮರೆವಿನದು ಶಕಟರೇಫ (ಈಗ ಬಳಕೆಯಲ್ಲಿಲ್ಲದ 'ಱ' ಅಕ್ಷರ), ಹಳಗನ್ನಡದ 'ಮಱೆ'. ಇದು 'ಮರುಳ್', ಸಾದಾ ರೇಫ ('ರ'). ಬೇರು ಒಂದಲ್ಲ.
ಆ ಗಾದೆಯೇ ತೊಡಕು. ವಯಸ್ಸಾದ ಮೇಲೆ ಇದೆಲ್ಲ ಇದ್ದದ್ದೇ ಎಂದು ಮನೆಯವರು ವೈದ್ಯರ ಬಳಿ ಹೋಗುವುದೇ ಇಲ್ಲ. ಜಪಾನಿನವರು ಹೀಯಾಳಿಕೆಯಿದೆ ಎಂದು ಡಿಮೆನ್ಷಿಯಾಕ್ಕೆ ಬಳಸುತ್ತಿದ್ದ 'ಚಿಹೋ' ಪದ ಬಿಟ್ಟು 2004ರಲ್ಲಿ 'ನಿಂಚಿಶೋ' ತಂದರು. ನಾವು ಮರುಳನ್ನು ಆಸ್ಪತ್ರೆಯ ಗೋಡೆಗೆ ಅಂಟಿಸೋಣವೇ?
'ಅಪಾಯಕಾರಿ ಅಂಶ'ವೂ ಸಲ್ಲದು. ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆ ಡಿಮೆನ್ಷಿಯಾ ಕುರಿತು ನೇಮಿಸಿದ ಆಯೋಗದ 2024ರ ಪಟ್ಟಿಯಲ್ಲಿ 14 ಅಂಶಗಳಿವೆ. ಅವುಗಳಲ್ಲಿ ಕಿವಿ ಮಂದವಾಗುವುದು, ಕಡಿಮೆ ಓದು, ಜನಸಂಪರ್ಕವಿಲ್ಲದಿರುವುದು ಸೇರಿವೆ. ಶಾಲೆ ಬಿಟ್ಟವರು ಅಪಾಯಕಾರಿಗಳೇ? 'ಕಾರಣ' ಎಂದೂ ಹಾಕಬೇಡಿ, ಬಿಪಿ ಇದ್ದವರಿಗೆಲ್ಲ ಡಿಮೆನ್ಷಿಯಾ ಬರುವುದಿಲ್ಲ. 'ಅಪಾಯ ಹೆಚ್ಚಿಸುವ ಸಂಗತಿಗಳು' ಸಾಕು.

ಉತ್ತರ 3
'ಸಂಗತಿ' ಯಾವ ಊರಿನದು ಸ್ವಾಮಿ? 'ಅರಿವಿನ ಸಣ್ಣ ಕುಂದು', 'ಕುತ್ತು ಹೆಚ್ಚಿಸುವ ಒತ್ತುಗಳು'. ಮುಗಿಯಿತು. ಸಂಸ್ಕೃತ ಬಿಟ್ಟರೆ ಇಂಗ್ಲಿಷ್, ಇಂಗ್ಲಿಷ್ ಬಿಟ್ಟರೆ ಸಂಸ್ಕೃತ. ಕನ್ನಡದ ಸರದಿ ಯಾವಾಗ?

ಉತ್ತರ 4
'ಒತ್ತುಗಳು' ಎಂದರೆ ಒತ್ತಕ್ಷರಗಳೆಂದುಕೊಂಡಾರು. ತಮ್ಮ ಮನೆಯಲ್ಲಿ 'ಬಿಪಿ ಗುಳಿಗೆ ಎಲ್ಲಿ' ಎನ್ನುತ್ತೀರೋ, 'ನೆತ್ತರೊತ್ತಡದ ಉಂಡೆ ಎಲ್ಲಿ' ಎನ್ನುತ್ತೀರೋ? ಆದರೂ 'ಅರಿವಿನ ಕುಂದು' ನನಗೆ ಒಪ್ಪಿಗೆ.
ಮೇಡಂ, ಪದಕ್ಕಿಂತ ಮುಖ್ಯವಾದದ್ದು ಒಂದಿದೆ. ಆ 14 ಅಂಶಗಳ ಪಟ್ಟಿ ಎಲ್ಲ ಜನರನ್ನೂ ಕುರಿತದ್ದು. ಈಗಾಗಲೇ ಕುಂದು ಇರುವವರ ಅಧ್ಯಯನಗಳಲ್ಲಿ ಮುಖ್ಯವಾಗಿ ಕಾಣಿಸಿಕೊಂಡವು ಸಕ್ಕರೆ ಕಾಯಿಲೆ, ಖಿನ್ನತೆಯಂಥ ಮಾನಸಿಕ ಲಕ್ಷಣಗಳು, 'ಅಪೋಇ-4' ಎಂಬ ವಂಶವಾಹಿ. ಕೊನೆಯದನ್ನು ಯಾರೂ ಬದಲಿಸಲಾರರು. ಗೋಡೆಯ ಮೇಲೆ ಬರೆದು ಹೆದರಿಸಬೇಡಿ. ಕುಂದು ಕಂಡವರೆಲ್ಲ ಡಿಮೆನ್ಷಿಯಾಕ್ಕೆ ಜಾರುವುದೂ ಇಲ್ಲ. ಹಲವರು ಇದ್ದಲ್ಲೇ ಇರುತ್ತಾರೆ, ಕೆಲವರು ಮತ್ತೆ ಸರಿಹೋಗುತ್ತಾರೆ. ಹಾಗಾಗಿ 'ಡಿಮೆನ್ಷಿಯಾದ ಮೊದಲ ಮೆಟ್ಟಿಲು' ಎಂಬ ಸಾಲು ಕರಡಿನಲ್ಲಿದ್ದರೆ ಹೊಡೆದುಹಾಕಿ.

ಪ್ರಶ್ನೆ ಕೇಳಿದವರು
ಇತ್ತು, ತೆಗೆದೆ. ಅಚ್ಚಿಗೆ ಹೋದದ್ದು: 'ಅರಿವಿನ ಸಣ್ಣ ಕುಂದು ಇರುವವರಿಗೆ: ಡಿಮೆನ್ಷಿಯಾದ ಅಪಾಯ ಹೆಚ್ಚಿಸುವ ಸಂಗತಿಗಳು'. ಎಲ್ಲರಿಗೂ ವಂದನೆಗಳು.

ಉತ್ತರ 3
ಅರ್ಧ ಕನ್ನಡ. ಇರಲಿ. 'ಭಿತ್ತಿಪತ್ರ'ಕ್ಕೆ 'ಗೋಡೆಯೋಲೆ' ಎನ್ನಲು ಏನು ಅಡ್ಡಿ ಎಂದು ಯಾರಾದರೂ ಹೇಳಿ.