ಸಹಾಯ ಬೇಕು: ಬೆಕ್ಕಿನ ಮರಿಗಳಿಗೆ ಚಿಗಟ, ಮನೆಯ ಹುಡುಗನಿಗೆ ಜ್ವರ

ಎಲ್ಲರಿಗೂ ನಮಸ್ಕಾರ. ನಾವು ಬದಿಯಡ್ಕ ಕಡೆಯವರು. ಬೆಕ್ಕು ಅಟ್ಟದಲ್ಲಿ ಅಡಿಕೆ ಗೋಣಿಯ ಮೇಲೆ ಮರಿ ಹಾಕಿದೆ. ಈಗ ಮನೆ ತುಂಬಾ ಚಿಗಟ. ಮರಿಯನ್ನು ಬಾಚಿದರೆ ಕಪ್ಪು ಪುಡಿ ಉದುರುತ್ತದೆ. ಒದ್ದೆ ಕಾಗದದ ಮೇಲೆ ಹಾಕಿ ನೋಡಿದೆ, ಕೆಂಪಾಗಿ ಹರಡಿತು. ಹೀರಿದ ರಕ್ತವೇ ಚಿಗಟದ ಹಿಕ್ಕೆಯಲ್ಲಿ ಬರುವುದು.

ತಂಗಿಯ ಮಗನಿಗೆ ಮರಿ ಪರಚಿತ್ತು. ಈಗ ಕಂಕುಳಲ್ಲಿ ಗಂಟು, ಸಣ್ಣ ಜ್ವರ. ಬಾರ್ಟೊನೆಲ್ಲಾ (ಚಿಗಟದಿಂದ ಬೆಕ್ಕಿಗೆ ಹರಡುವ ಬ್ಯಾಕ್ಟೀರಿಯಾ) ಇರಬಹುದು ಎಂದು ಡಾಕ್ಟರು ರಕ್ತ ಪರೀಕ್ಷೆ ಬರೆದಿದ್ದಾರೆ. ಚಿಗಟದ ಹಿಕ್ಕೆ ಬೆಕ್ಕಿನ ಉಗುರಿಗೆ ಅಂಟಿ, ಪರಚಿದಾಗ ಗಾಯಕ್ಕೆ ಸೇರುತ್ತದಂತೆ. (ರೇಬೀಸ್ ಇಂಜೆಕ್ಷನ್ ಶುರುವಾಗಿದೆ, ಆ ಚಿಂತೆ ಬೇಡ.) ನಾಯಿಯ ಬಾಲದ ಬುಡದಲ್ಲೂ ಅಕ್ಕಿಕಾಳಿನಂಥ ತುಣುಕುಗಳಿವೆ. ಲಾಡಿಹುಳು ಇರಬೇಕು. ಮೈ ನೆಕ್ಕುವಾಗ ಚಿಗಟ ನುಂಗಿದರೆ ಅದು ಬರುತ್ತದೆ, ಮಕ್ಕಳಿಗೂ ಬರಬಹುದು.

ಅಂಗಡಿಯವರು ನಾಯಿಗೆ ಹಾಕುವ ಪರ್ಮೆಥ್ರಿನ್ ಮದ್ದನ್ನೇ ಬೆಕ್ಕಿಗೂ ಹಾಕಿ ಎಂದರು. ಬೆಕ್ಕಿಗೆ ಅದು ವಿಷ ಅಲ್ವಾ? ಹಾಕಲಿಲ್ಲ. ಹಾಲು ಕುಡಿಯುವ ಮರಿಗಳಿಗೆ ಯಾವ ಮದ್ದು ಆಗುತ್ತದೆ? ಅಟ್ಟದಲ್ಲಿ ಇಲಿಯೂ ಜಾಸ್ತಿ. ಇಲಿಯ ಚಿಗಟದಿಂದ ಟೈಫಸ್ ಜ್ವರ ಬರುತ್ತದೆ. ಇಲಿ ಸತ್ತರೆ ಚಿಗಟ ನಮ್ಮ ಮೈಗೇ ಹಾರುತ್ತದೆ, ಹಾಗಾಗಿ ಮೊದಲು ಚಿಗಟಕ್ಕೇ ಮದ್ದು ಹೊಡೆಸಬೇಕು. ಅಡಿಕೆ ಇರುವ ಜಾಗದಲ್ಲಿ ಏನು ಹೊಡೆಯಬಹುದು? ಮುಳ್ಳೇರಿಯ, ಪೆರ್ಲ ಕಡೆಯಿಂದ ಮನೆಗೆ ಬರುವ ಪಶುವೈದ್ಯರು ಗೊತ್ತಿದ್ದರೆ ದಯವಿಟ್ಟು ಇನ್‌ಬಾಕ್ಸ್ ಮಾಡಿ. ಸುಮ್ನೆ ಬೇವಿನೆಣ್ಣೆ ಹಚ್ಚಿ ಎನ್ನಬೇಡಿ, ಬೆಕ್ಕು ನೆಕ್ಕಿಬಿಡುತ್ತದೆ.